ರಾಯಪ್ಪ ಸಾರ್ ಮ್ಯಾನೇಜರ್ ಆಗಿದ್ದ ಚಳಿಗಾಲ

ಪ್ಲೈವುಡ್ಡಿಗೆ ಹಚ್ಚುವ ಅಂಟಿನ ವಾಸನೆ ಕೆಲವರಿಗೆ ತಲೆನೋವು ತರುತ್ತದೆ. ನನಗೆ ಹೊಟ್ಟೆಯುರಿ ತರುತ್ತದೆ. ಈಗ ನಾನು ಒಂದು ಫರ್ನಿಚರ್ ಅಂಗಡಿಯ ಟೆಂಪೋ ಓಡಿಸುತ್ತೇನೆ. ಮೊನ್ನೆ ಹೂಟಗಳ್ಳಿಯ ಹೊಸ ಮನೆಯೊಂದಕ್ಕೆ ಮಂಚ ಇಳಿಸಿ ವಾಪಸ್ಸು ಬರುವಾಗ, ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿನ ಕಡೆಯಿಂದ ಆ ವಾಸನೆ ಬಂತು. ತಕ್ಷಣ ಗ್ಲಾಸು ಏರಿಸಿದೆ. ವಾಸನೆ ಒಳಗೇ ಉಳಿಯಿತು. ನನ್ನ ಬುದ್ಧಿವಂತಿಕೆ ಯಾವಾಗಲೂ ಹೀಗೇ, ಒಂದು ಗಳಿಗೆ ತಡ.

ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ವ್ಯಾನು ನಮ್ಮ ಹಳೆಯ ಗಾಲಿಮನೆ. ನಾವು ಬಳಿಸಿದ್ದ ಗಿಳಿಹಸಿರು ಬಣ್ಣ ಹೋಗಿ, ಶ್ರೀಮಂತರ ಬಾತ್‌ರೂಮಿನ ಟೈಲ್ಸಿನಂಥ ಬೂದು ಬಣ್ಣ ಬಂದಿತ್ತು. ಡ್ರೈವರ್ ಕಡೆಯ ಬಾಗಿಲ ಮೇಲೆ ಒಂದು ಫೋನ್ ನಂಬರು, ಅದರ ಮೇಲೆ ದಪ್ಪಕ್ಷರದಲ್ಲಿ: 'ವಿಚಾರಣೆಗೆ: ರಾಯಪ್ಪ ಸಾರ್.'

ಸ್ಟೇರಿಂಗ್ ಮೇಲೆ ಹಣೆಯಿಟ್ಟುಕೊಂಡು ನಕ್ಕೆ. ಹಸಿರು ದೀಪ ಬಂದು, ಹಿಂದಿನ ಆಟೋದವನು ನನ್ನ ವಂಶವನ್ನೆಲ್ಲ ನೆನೆಯುವವರೆಗೂ ನಕ್ಕೆ. ಯಾಕೆಂದರೆ ರಾಯಪ್ಪ ಸಾರ್ ಎಂಬ ಮನುಷ್ಯ ಈ ಭೂಮಿಯ ಮೇಲೆ ಎಂದೂ ಇರಲಿಲ್ಲ. ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅವರನ್ನು ಹುಟ್ಟಿಸಿದವನೇ ನಾನು.

ನನ್ನ ಹೆಸರು ಲಾರೆನ್ಸ್. ಮನೆಯಲ್ಲಿ ಲಾರೆನ್ಸು, ಬೀದಿಯಲ್ಲಿ ಲಾರಿ. ಎದುರಿಗೆ ಯಾರಿದ್ದರೆ ಅವರ ಹಾಗೇ ಮಾತಾಡುವುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಚರ್ಚಿನ ಒಳಗೆ ಪಾದ್ರಿಗಳ ಪ್ರಸಂಗ ಮುಗಿದರೆ ಹೊರಗೆ ಸೈಕಲ್ ಸ್ಟ್ಯಾಂಡಿನಲ್ಲಿ ಅದೇ ಪ್ರಸಂಗ ಇನ್ನೊಮ್ಮೆ ನಡೆಯುತ್ತಿತ್ತು. ಎರಡನೆಯದಕ್ಕೆ ಜನ ಹೆಚ್ಚು, ನಿದ್ದೆ ಕಡಿಮೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಿಂದ ರಜೆ ಘೋಷಿಸಿದೆ. ಸಂಜೆಯೊಳಗೆ ಅದೇ ದನಿಯಲ್ಲಿ, ಈ ಸಲ ಅದರ ಒಡೆಯರ ಬಾಯಿಂದಲೇ, ಸಸ್ಪೆಂಡ್ ಆದೆ. ನಿನ್ನ ಸ್ವಂತ ದನಿ ಹೇಗಿದೆಯಪ್ಪಾ ಎಂದು ಕೇಳಿದರೆ, ಫಿಲ್ಟರಿನ ತಳದ ಕಾಫಿ ಗಷ್ಟಿನ ಹಾಗೆ ಎನ್ನಬೇಕು. ಇದ್ದೇ ಇದೆ, ಯಾರಿಗೂ ಬೇಕಿಲ್ಲ.

ಗಾಲಿಮನೆ ನನ್ನ ಸಹಪಾಠಿ ಶ್ರೀವತ್ಸನ ಕನಸು. ಯಾದವಗಿರಿಯಲ್ಲಿ ಅವರದೊಂದು ಬಂಗಲೆ. ಮುತ್ತಾತ ಅರಮನೆಯ ಕಚೇರಿಯಲ್ಲಿದ್ದವರು, ತಾತ ಪ್ರೊಫೆಸರು, ಅಪ್ಪ ಆಡಿಟರು. ಮನೆಯಲ್ಲಿ ಎಲ್ಲರೂ ಓದಿದವರಾದ್ದರಿಂದ ಯಾರೂ ಜೋರಾಗಿ ಮಾತಾಡುವುದಿಲ್ಲ. ಅಲ್ಲಿ ಉಪ್ಪು ಕೇಳುವುದೂ ಗುಟ್ಟು ಹೇಳಿದ ಹಾಗಿರುತ್ತದೆ. ವತ್ಸನಿಗೆ ಹಕ್ಕಿ, ಮರ, ಕಾಡು ಎಂದರೆ ಪ್ರಾಣ. ಹಳೆಯ ವ್ಯಾನೊಂದನ್ನು ಕೊಂಡು, ಒಳಗೆ ಮಡಿಸುವ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಒಂದು ಪುಟ್ಟ ಕಕ್ಕಸು ಎಲ್ಲ ಕೂರಿಸಿ, ಮೈಸೂರಿನ ಸುತ್ತಲ ಕಾಡು ಕೆರೆ ನೋಡಲು ಹೋಗುವವರಿಗೆ ಬಾಡಿಗೆಗೆ ಕೊಡುವುದು ಅವನ ಯೋಚನೆ. ವ್ಯಾನ್ ಅವನದು. ಮೈಮುರಿಯುವ ಕೆಲಸ, ಓಡಿಸುವುದು, ತೊಳೆಯುವುದು, ಬಂದವರನ್ನು ನಗಿಸುವುದು ನನ್ನದು.

ಆ ಸಲ ದಸರಾಕ್ಕೆ ಮುಂಚೆ ಮಳೆ ಬಿಡಲೇ ಇಲ್ಲ. ಹೂಟಗಳ್ಳಿಯ ಶೆಡ್ಡಿನ ಶೀಟಿನ ಮೇಲೆ ಅದು ಹುರುಳಿ ಸುರಿದ ಹಾಗೆ ಸದ್ದು ಮಾಡುತ್ತಿತ್ತು. ಕೆಳಗೆ ನಾನು ಬಡಗಿಯ ಜೊತೆ ಪ್ಲೈವುಡ್ ಹಿಡಿದು ನಿಲ್ಲುತ್ತಿದ್ದೆ. ಬೆರಳಿಗಂಟಿದ ಅಂಟು ಊಟದ ಹೊತ್ತಿಗೂ ಬಿಡದೆ, ಅನ್ನಕ್ಕೂ ಅದೇ ವಾಸನೆ. ಬಣ್ಣ ಬಳಿಯುವವನು ಬಂದ ದಿನ ವತ್ಸ ನನ್ನ ಹೆಗಲ ಮೇಲೆ ಕೈಯಿಟ್ಟ.

"ಈ ಸೀಸನ್ ಮುಗೀಲಿ ಮಗಾ. ಪಾರ್ಟ್‌ನರ್‌ಶಿಪ್ ಮಾಡಿಬಿಡೋಣ. ಬಾಗಿಲ ಮೇಲೆ ಇಬ್ಬರ ಹೆಸರೂ ಬರೆಸೋಣ. ಶ್ರೀವತ್ಸ ಮತ್ತು ಲಾರೆನ್ಸ್."

"ಲಾರೆನ್ಸ್ ಮತ್ತು ಶ್ರೀವತ್ಸ ಅಂದ್ರೆ ಓದೋಕೆ ಚೆನ್ನಾಗಿರತ್ತೆ ಗುರು."

"ಆಯ್ತು ಕಣೋ, ಹಂಗೇ ಬರೆಸು."

ಅಂದು ನಾನು ಡ್ರೈವರ್ ಬಾಗಿಲ ಮೇಲೆ ಮೊಳದಗಲ ಜಾಗ ಖಾಲಿ ಬಿಡಿಸಿದೆ. "ಇಲ್ಲೇನ್ ಬರೀಬೇಕು?" ಎಂದು ಬಣ್ಣದವನು ಕೇಳಿದ. "ಈಗ ಬ್ಯಾಡ, ಯುಗಾದಿ ಹೊತ್ತಿಗೆ ಹೇಳ್ತೀನಿ" ಎಂದೆ. ಪ್ರತಿ ಬೆಳಿಗ್ಗೆ ವ್ಯಾನ್ ಒರೆಸುವಾಗ ಆ ಖಾಲಿ ಜಾಗವನ್ನು ಸ್ವಲ್ಪ ಜಾಸ್ತಿಯೇ ಒರೆಸುತ್ತಿದ್ದೆ.

ದಸರಾ ಶುರುವಾಗುತ್ತಲೇ ಫೋನು ಬರತೊಡಗಿತು. ಮೊದಲ ಕರೆಯನ್ನು ವತ್ಸ ಎತ್ತಿಕೊಂಡು ಸ್ಪೀಕರಿಗೆ ಹಾಕಿದ. ಆ ಕಡೆ ಮಂಡ್ಯದ ಒಬ್ಬ ಹೆಂಗಸು.

"ಆನೆ ಕಾಣ್ಸುತ್ತಾ ಸಾರ್?"

"ಹೇಳೋಕಾಗಲ್ಲ ಮೇಡಂ. ಅವು ಕಾಡುಪ್ರಾಣಿ."

"ಹುಲಿ?"

"ಅದಂತೂ ಇಲ್ಲವೇ ಇಲ್ಲ ಅಂದ್ಕೊಳ್ಳಿ."

"ಮತ್ತೇನಿದೆ ಸಾರ್ ನೋಡೋಕೆ?"

ವತ್ಸ ಪ್ರಾಮಾಣಿಕವಾಗಿ ಯೋಚಿಸಿದ. "ಮರ ಇದೆ ಮೇಡಂ."

ನಾನು ಫೋನ್ ಕಿತ್ತುಕೊಂಡೆ. ಹೆಣ್ಣು ದನಿಯಲ್ಲಿ, "ಒಂದು ನಿಮಿಷ ಮೇಡಂ, ನಾನು ಆಫೀಸಿಂದ ಕಾವ್ಯ. ನಮ್ಮ ಮ್ಯಾನೇಜರಿಗೆ ಕೊಡ್ತೀನಿ" ಎಂದುಬಿಟ್ಟೆ. ಆಫೀಸು ಎಂದರೆ ಒಂದು ಸ್ಟೂಲು. ಮ್ಯಾನೇಜರ್ ಎಂದರೆ ಯಾರು? ಯೋಚಿಸಲು ಪುರುಸೊತ್ತಿರಲಿಲ್ಲ. ನನ್ನ ಗಂಟಲು ನನ್ನನ್ನು ಕೇಳದೆಯೇ ಹೋಗಿ ಅಪ್ಪನನ್ನು ಕರೆದುಕೊಂಡು ಬಂತು.

"ನಮಸ್ಕಾರ ತಾಯಿ, ರಾಯಪ್ಪ ಅಂತ. ಅವಸರ ಇಲ್ಲ, ನಿಧಾನವಾಗಿ ಕೇಳಿ. ಆನೆ ನಮ್ಮ ಕೈಲಿಲ್ಲ. ಆದ್ರೆ ಬೆಳಿಗ್ಗೆ ಕಬಿನಿ ನೀರಿನ ಮೇಲೆ ಮಂಜು ಏಳ್ತಿರುವಾಗ ಒಂದು ಲೋಟ ಕಾಫಿ ಹಿಡ್ಕೊಂಡು ಬಾಗಿಲಲ್ಲಿ ಕೂತ್ಕೊಳಿ. ಆಗ ಆನೆ ಬಂದ್ರೆ ಅದರ ಪುಣ್ಯ."

ಆ ಹೆಂಗಸು ಅಲ್ಲೇ ಬುಕ್ ಮಾಡಿದರು. ವತ್ಸ ಬಾಯಿ ಬಿಟ್ಟುಕೊಂಡು ನಿಂತಿದ್ದ. "ಯಾರೋ ಅದು?"

"ನಮ್ಮಪ್ಪ ಕಣೋ."

"ಸೂಪರ್. ಇವರನ್ನ ಇಟ್ಕೊ" ಎಂದ, ಕೆಲಸಕ್ಕೆ ಇಂಟರ್‌ವ್ಯೂ ಮಾಡಿದವನ ಹಾಗೆ.

ಅಪ್ಪ ತೀರಿಕೊಂಡು ಆಗ ಒಂದು ವರ್ಷದ ಮೇಲಾಗಿತ್ತು. ಮಳೆಗಾಲದ ಜ್ವರ ನ್ಯುಮೋನಿಯಾಕ್ಕೆ ತಿರುಗಿ ಹೋದದ್ದು. ನಿಜವಾದ ಹೆಸರು ಇನ್ನಾಸಪ್ಪ; ರಾಯಪ್ಪ ಎಂದದ್ದು ಆ ಗಳಿಗೆಗೆ ಬಾಯಿಗೆ ಬಂದದ್ದು. ದೇವರಾಜ ಮೊಹಲ್ಲಾದ ಸೀರೆ ಅಂಗಡಿಯೊಂದರಲ್ಲಿ ಮೀಸೆ ಕಪ್ಪಗಿದ್ದಾಗ ಸೇರಿ, ಬೆಳ್ಳಗಾಗುವವರೆಗೂ ಸೀರೆ ಬಿಡಿಸಿ ತೋರಿಸಿದವರು. ಬಂದವರು ಅಂಗಡಿಯನ್ನೆಲ್ಲ ಕೆಳಗಿಳಿಸಿ ಏನನ್ನೂ ಕೊಳ್ಳದೆ ಎದ್ದರೂ, "ಹೋಗಿಬನ್ನಿ ತಾಯಿ, ಸೀರೆ ಎಲ್ಲೂ ಹೋಗಲ್ಲ" ಎನ್ನುವರು. ಹಾಗೆಂದಾಗ ಅರ್ಧ ಜನ ವಾಪಸ್ಸು ಕೂರುತ್ತಿದ್ದರು. ವ್ಯಾಪಾರದಲ್ಲಿ ಇಲ್ಲ ಎನ್ನಬಾರದೆಂಬುದು ಆ ಅಂಗಡಿಯ ಪದ್ಧತಿ. ಅನ್ನಲೇಬೇಕಾಗಿ ಬಂದರೆ ಅಪ್ಪ ಮೊದಲು ಒಂದು ಸಣ್ಣ ಕೆಮ್ಮು ಕೆಮ್ಮುತ್ತಿದ್ದರು, ಒಳಗೆ ಬರುವ ಮೊದಲು ಬಾಗಿಲು ತಟ್ಟಿದ ಹಾಗೆ. ಆಮೇಲೆ, "ಈ ಬಣ್ಣದಲ್ಲಿ ಇಲ್ಲ ತಾಯಿ." ಕೆಮ್ಮು ಮೊದಲು, ಇಲ್ಲ ಆಮೇಲೆ. ಕೇಳುವವರು ಆ ಕೆಮ್ಮಿನಲ್ಲೇ ತಯಾರಾಗಿಬಿಡುತ್ತಿದ್ದರು. ಮನೆಯಲ್ಲೂ ಅಷ್ಟೇ. ನಾನು ಬೈಕು ಕೇಳಿದಾಗ ಕೆಮ್ಮಿದರು. ನಾನು ಪೂರ್ತಿ ಕೇಳುವ ಮೊದಲೇ ಎದ್ದು ಹೋದೆ.

ಊರಿನವರನ್ನೆಲ್ಲ ಅಣಕಿಸಿದ ನಾನು ಅಪ್ಪನನ್ನು ಮಾತ್ರ ಅವರು ಇರುವವರೆಗೆ ಅಣಕಿಸಲಿಲ್ಲ. ಗೌರವವೆಂದೇನಲ್ಲ. ದಿನಾ ಎದುರಿಗಿದ್ದ ವಸ್ತುವಿನ ಚಿತ್ರ ಬರೆದಿಟ್ಟುಕೊಳ್ಳಬೇಕೆಂದು ಯಾರಿಗೆ ಹೊಳೆಯುತ್ತದೆ?

ಆ ದಿನದಿಂದ ಕಂಪನಿಯ ಫೋನು ನನ್ನ ಜೇಬಿಗೆ ಬಂತು, ಗಾಲಿಮನೆಗೆ ಸಿಬ್ಬಂದಿ ಬೆಳೆಯಿತು. ಕಾವ್ಯ ಫೋನ್ ಎತ್ತುವಳು. ಗಾಡಿ ಕೆಟ್ಟರೆ ಮೆಕ್ಯಾನಿಕ್ ಬಾಷಾ ಭಾಯ್ ಸಲಹೆ ಕೊಡುವರು. ಇವರು ನಮ್ಮ ಗ್ಯಾರೇಜಿನ ಯಜಮಾನರ ನಕಲು, ಅಸಲಿಗೆ ಕೇಳಿಸಿದಾಗ, "ಅರೆ, ನನಗಿಂತ ನಾನೇ ಚೆನ್ನಾಗಿ ಮಾತಾಡ್ತೀನಲ್ಲ!" ಎಂದು ನಕ್ಕಿದ್ದರು. ಉಳಿದದ್ದೆಲ್ಲ ರಾಯಪ್ಪ ಸಾರ್. ಗಾಡಿಯ ಜೊತೆ ಹೋಗುವ ಡ್ರೈವರ್ ಲಾರಿ. ಒಂದೇ ವ್ಯಾನಿನ ಕಂಪನಿಗೆ ನಾಲ್ಕು ಜನ. ಜನ ನಮ್ಮನ್ನು ದೊಡ್ಡ ಸಂಸ್ಥೆ ಎಂದುಕೊಂಡರು. ನಾನು ನನಗೇ ಕರೆ ವರ್ಗಾಯಿಸಿಕೊಂಡು, ನನಗಾಗಿ ನಾನೇ ಕಾಯುತ್ತಿದ್ದೆ.

ಸಂಜೆಯ ಕರೆಗಳನ್ನು ಮನೆಯಲ್ಲೇ ಎತ್ತಿಕೊಳ್ಳುತ್ತಿದ್ದೆ. ಚರ್ಚಿನ ಹಿಂದಿನ ಗಲ್ಲಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಮೊದಲ ಸಲ ರಾಯಪ್ಪ ಸಾರ್ ಮಾತಾಡಿದಾಗ ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿತ್ತು. ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಸತ್ತೋರ ಗಂಟಲಲ್ಲಿ ಮಾತಾಡ್ಬಾರ್ದು ಕಣೋ. ಅಂಗೆಲ್ಲಾ ಆಡ್ಬ್ಯಾಡ. ಅವರೇನು ನಿನ್ ಸೈಕಲ್ ಸ್ಟ್ಯಾಂಡ್ ಪಾದ್ರಿನಾ?"

"ಕಸ್ಟಮರಮ್ಮಾ. ಹೊಟ್ಟೆಪಾಡು."

"ಹೊಟ್ಟೆಪಾಡಿಗೆ ಅವರೇ ದುಡ್ದಿದ್ದು ಸಾಲದಾ? ಸತ್ ಮೇಲೂ ಕೆಲ್ಸಕ್ಕೆ ಕಳಿಸ್ತೀಯಾ?"

ಕೆಲವು ದಿನ ಗಲ್ಲಿಗೆ ಹೋಗಿ ಮಾತಾಡಿದೆ. ಆಮೇಲೆ ಕ್ರಿಸ್ಮಸ್ ಹತ್ತಿರ ಬಂದು ಚಳಿ ಹೆಚ್ಚಿತು. ಒಂದು ಸಂಜೆ ಮನೆಯೊಳಗೇ ಕರೆ ಎತ್ತಿಕೊಂಡೆ. ಮುಗಿಸಿ ತಿರುಗಿದರೆ ಅಮ್ಮ ಅಡುಗೆಮನೆಯ ಹೊಸಿಲ ಮೇಲೆ ಮೊರ ಇಟ್ಟುಕೊಂಡು ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ತಲೆಯೆತ್ತದೆ ಹೇಳಿದಳು:

"ತಾಯಿ ತಾಯಿ ಅಂತ ಮಾತಿಗೊಂದ್ಸಲ ಅನ್ನಲ್ಲ ಅವರು. ಶುರುಲೊಂದ್ಸಲ, ಕೊನೆಗೊಂದ್ಸಲ. ನೀನು ಭಿಕ್ಷೆ ಕೇಳ್ದಂಗೆ ಕೇಳ್ತಿದೀಯ."

ತಿದ್ದಿಕೊಂಡೆ. ಮರುದಿನವೂ ಅಮ್ಮ ಅಲ್ಲೇ ಇದ್ದಳು. ನಮ್ಮ ಮನೆಯಲ್ಲಿ ಆ ಚಳಿಗಾಲದಲ್ಲಿ ಬಿಡಿಸಿದಷ್ಟು ಬೆಳ್ಳುಳ್ಳಿ ಒಂದು ಹೋಟೆಲಿನಲ್ಲೂ ಬಿಡಿಸಿರಲಾರರು. ಕರೆ ಬರುವುದು ತಡವಾದರೆ, "ಯಾಕೋ, ಇವತ್ತು ಮ್ಯಾನೇಜರ್ ಮಾತಾಡಲ್ವಾ?" ಎಂದು ಕೇಳುವಳು. ಅಪ್ಪ ಎನ್ನುತ್ತಿರಲಿಲ್ಲ, ನಾನೂ ಅನ್ನುತ್ತಿರಲಿಲ್ಲ. ಮ್ಯಾನೇಜರ್ ಎಂದರೆ ಇಬ್ಬರಿಗೂ ಸಲೀಸಾಗಿತ್ತು. ಒಮ್ಮೆ ಒಬ್ಬ ಗಿರಾಕಿ ಜಗಳ ತೆಗೆದು ನಾನು ಸ್ವಲ್ಪ ದನಿ ಏರಿಸಿದಾಗ, ಅಮ್ಮ ಸಿಪ್ಪೆ ಸಮೇತ ಒಂದು ಬೆಳ್ಳುಳ್ಳಿ ಎಸಳನ್ನು ನನ್ನ ಮೇಲೆ ಎಸೆದಳು. ಮ್ಯಾನೇಜರ್ ಕೂಗುವವರಲ್ಲ.

ಕೆಲಸವೂ ಚೆನ್ನಾಗಿಯೇ ನಡೆಯಿತು. ಗೋಪಾಲಸ್ವಾಮಿ ಬೆಟ್ಟದ ತಪ್ಪಲು, ಬಿಳಿಗಿರಿರಂಗನ ಬೆಟ್ಟದ ದಾರಿ, ತಲಕಾಡಿನ ಮರಳು, ಎಲ್ಲದಕ್ಕಿಂತ ಹೆಚ್ಚಾಗಿ ಕಬಿನಿ ಹಿನ್ನೀರು. ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ. ಹಿನ್ನೀರಿನ ದಂಡೆಯಲ್ಲಿ ಜಮೀನಿದ್ದ ಒಬ್ಬರನ್ನು ಒಪ್ಪಿಸಿ ಅಲ್ಲಿ ಬಿಡಾರ ಹೂಡುತ್ತಿದ್ದೆವು. ನಿಸರ್ಗ ನೋಡಲು ಬಂದವರು ಮೊದಲು ಕೇಳುತ್ತಿದ್ದದ್ದು ಪರದೆ ಇದೆಯೇ ಎಂದು. ಎರಡನೆಯದು, ನೆಟ್‌ವರ್ಕ್ ಇದೆಯೇ ಎಂದು. ಆ ಕಡೆ ಸೂರ್ಯ ನೀರಿಗಿಳಿಯುತ್ತಿದ್ದರೆ ಈ ಕಡೆ ಗಂಡ ಹೆಂಡತಿ ಒಳಗೆ ಕೂತು ಫೋನಿನಲ್ಲಿ ಬೇರೆ ಯಾವುದೋ ಊರಿನ ಸೂರ್ಯಾಸ್ತ ನೋಡುವರು. ಬೆಳಿಗ್ಗೆ ಅವರ ಪುಟ್ಟ ಕಕ್ಕಸಿನ ಡಬ್ಬ ಬಳಿಯುತ್ತಾ ನಾನೊಬ್ಬನೇ ಮಂಜು, ನೀರುಕಾಗೆ, ದಡಕ್ಕೆ ಬಂದ ಜಿಂಕೆಗಳನ್ನು ನೋಡುತ್ತಿದ್ದೆ. ನಿಸರ್ಗವನ್ನು ನನ್ನಷ್ಟು ಹತ್ತಿರದಿಂದ, ನನ್ನಷ್ಟು ಮೂಗು ಮುಚ್ಚಿಕೊಂಡು ಅನುಭವಿಸಿದವರು ಕಡಿಮೆ.

ಸಂಕ್ರಾಂತಿ ಕಳೆದ ಮೇಲೆ ಸರಸ್ವತಿಪುರದ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಹೆಂಡತಿಯ ಜೊತೆ ಬಂದರು. ಗಾಡಿ ದಂಡೆಯ ಮೇಲೆ ನಿಂತಿತ್ತು. ಅವರಿಗೆ ನೀರು ಇನ್ನೂ ಹತ್ತಿರ ಬೇಕು.

"ಮುಂದೆ ತಗೊಳ್ಳೋ."

"ಮುಂದೆ ಹಸಿ ಮಣ್ಣು ಸಾರ್, ಹೂತ್ಕೊಳುತ್ತೆ."

"ನಾನು ಭೂಗೋಳ ಹೇಳಿಕೊಟ್ಟೋನು. ನನಗೆ ಮಣ್ಣು ಗೊತ್ತು."

ಗಾಡಿ ಮುಂದೆ ಹೋಯಿತು. ಹಿಂದಿನ ಚಕ್ರ ಎರಡೂ ಭೂಗೋಳದೊಳಕ್ಕೆ ಇಳಿದವು. ಟ್ರಾಕ್ಟರ್ ಬರುವವರೆಗೆ ಹೊತ್ತು ಹೋಗಲೆಂದು ಅವರ ಹೆಂಡತಿಯೆದುರು ನಾನು ಆ ಮಾತನ್ನು ಅವರದೇ ದನಿಯಲ್ಲಿ ಒಪ್ಪಿಸಿದೆ. ಆಕೆ ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಗು ಇದ್ದಕ್ಕಿದ್ದಂತೆ ನಿಂತಾಗ ತಿರುಗಿ ನೋಡಿದೆ. ಹೆಡ್‌ಮಾಸ್ಟರು ಹಿಂದೆಯೇ ನಿಂತಿದ್ದರು. ಫೋನ್ ತೆಗೆದರು. ನನ್ನ ಜೇಬು ನಡುಗಿತು.

"ಒಂದಕ್ಕೆ ಹೋಗಿಬರ್ತೀನಿ ಸಾರ್" ಎಂದು ಹೇಳಿ ದೂರದ ಹೊಂಗೆಮರದ ಹಿಂದೆ ಓಡಿದೆ.

"ರಾಯಪ್ಪನವರೇ, ನಿಮ್ಮ ಡ್ರೈವರ್ ದೊಡ್ಡ ತಲೆಹರಟೆ. ನನ್ನನ್ನೇ ಅಣಕಿಸ್ತಾನೆ. ಇವತ್ತೇ ಕೆಲಸದಿಂದ ತೆಗೀರಿ."

ಸಮಾಧಾನ ಮಾಡಿ ಎರಡು ಬೈಗುಳ ಬೈದುಕೊಂಡು ಮುಗಿಸಬೇಕೆಂದಿದ್ದೆ. ಆದರೆ ಗಂಟಲಿನಿಂದ ಮೊದಲು ಬಂದದ್ದು ಆ ಸಣ್ಣ ಕೆಮ್ಮು. ನಾನು ಕರೆದದ್ದಲ್ಲ, ಅದಾಗಿಯೇ ಬಂತು.

"ಅದು ಆಗೋದಿಲ್ಲ ಸಾರ್. ಅವನು ನಮ್ಮ ಹುಡುಗ."

ಹೆಡ್‌ಮಾಸ್ಟರು ಫೋನಿಟ್ಟರು. ಅಪ್ಪ ಇದ್ದಾಗ ನಾನೇನಾದರೂ ಅಂಗಡಿಗೆ ಹೋದರೆ, "ಯಾರಿದು ಇನ್ನಾಸಪ್ಪ, ನಿನ್ನ ಮಗನಾ?" ಎಂದು ಯಾರಾದರೂ ಕೇಳುವರು. ಅಪ್ಪ ಸೀರೆ ಮಡಿಸುತ್ತಲೇ, "ಇವನಾ... ಮನೇಲಿರ್ತಾನೆ" ಎನ್ನುವರು. ನಮ್ಮ ಹುಡುಗ ಎಂದು ಒಬ್ಬರೆದುರೂ ಅಂದವರಲ್ಲ. ಹೊಂಗೆಮರಕ್ಕೆ ಒರಗಿ ನಿಂತು, ನನ್ನ ಬಾಯಿಂದ ನಾನೇ ಆ ಮಾತು ಕೇಳಿಸಿಕೊಂಡೆ.

ವಾಪಸ್ಸು ಬಂದಾಗ ಹೆಡ್‌ಮಾಸ್ಟರು ತಣ್ಣಗಾಗಿದ್ದರು. "ನಿನ್ನ ಮ್ಯಾನೇಜರ್ ದೇವರಂಥ ಮನುಷ್ಯ. ಅವರ ಗುಣ ನಿನಗೆ ಒಂದು ಚೂರೂ ಬಂದಿಲ್ಲ."

"ಬೇರೆಯೋರೂ ಹೇಳಿದಾರೆ ಸಾರ್" ಎಂದೆ.

ಫೆಬ್ರುವರಿ ಕೊನೆಗೆ ಬಿಸಿಲೇರಿತು. ಬಂಡೀಪುರದ ದಾರಿಯಲ್ಲಿ ಮುತ್ತುಗ ಹೂಬಿಟ್ಟಿತ್ತು. ಕಬಿನಿಯ ನೀರು ಹಿಂದೆ ಸರಿದು ದಡದಲ್ಲಿ ಹುಲ್ಲು ಎದ್ದಿತ್ತು. ಶೆಡ್ಡಿನೊಳಗೆ ನಿಂತರೆ ಬ್ರೆಡ್ಡಿನ ಒಲೆಯೊಳಗೆ ನಿಂತ ಹಾಗೆ. ಅಂಥ ಒಂದು ಮಧ್ಯಾಹ್ನ ವತ್ಸ ಎಂದಿನ ಮೆತ್ತಗಿನ ದನಿಯಲ್ಲಿ ಹೇಳಿದ: ಬೆಂಗಳೂರಿನ ಒಂದು ದೊಡ್ಡ ಪ್ರವಾಸ ಕಂಪನಿ ಗಾಲಿಮನೆಯನ್ನು ಹೆಸರು ಸಮೇತ ತೆಗೆದುಕೊಳ್ಳುತ್ತಿದೆ. ಇನ್ನೂ ಅನೇಕ ಗಾಡಿ ಬಿಡುತ್ತಾರಂತೆ. ಮೈಸೂರಿನ ಮಟ್ಟಿಗೆ ವತ್ಸನೇ ಮುಖ್ಯಸ್ಥ.

"ನೀನೂ ಇರ್ತೀಯ ಕಣೋ, ಯೋಚನೆ ಮಾಡ್ಬೇಡ."

"ಮತ್ತೆ ಬಾಗಿಲು?"

"ಯಾವ ಬಾಗಿಲು?"

ನಾನು ತೋರಿಸಲಿಲ್ಲ. ಅವನು ಅದಕ್ಕೇ ಒರಗಿಕೊಂಡು ನಿಂತಿದ್ದ.

ಮಾರನೆಯ ದಿನ ಕಂಪನಿಯಿಂದ ನಿಶಾ ಎಂಬ ಮೇಡಂ ಬಂದರು. ನನ್ನ ವಯಸ್ಸಿನವರೇ, ಒಳ್ಳೆಯವರೇ. ಗಾಡಿಯ ಸುತ್ತ ತಿರುಗಿ, ಮಂಚ ಮಡಿಸಿ ಬಿಡಿಸಿ ನೋಡಿ, ನಲ್ಲಿ ತಿರುಗಿಸಿ ನೋಡಿ, ಮೆಚ್ಚಿಕೊಂಡರು.

"ನಿಮ್ಮ ರಿವ್ಯೂಗಳನ್ನ ಎಲ್ಲಾ ಓದಿದೀನಿ ಶ್ರೀವತ್ಸ. ಗಾಡಿ ಬಗ್ಗೆ ಯಾರೂ ಜಾಸ್ತಿ ಬರೆದೇ ಇಲ್ಲ. ಎಲ್ರೂ ರಾಯಪ್ಪ ಸಾರ್, ರಾಯಪ್ಪ ಸಾರ್! ನಾನೂ ಎರಡು ಮೂರು ಸಲ ಮಾತಾಡಿದೀನಿ ಅವರ ಹತ್ರ. ಎಷ್ಟು ಸಮಾಧಾನ! ಅವರು ನಮ್ಮ ಜೊತೆ ಇರಲೇಬೇಕು. ಎಲ್ಲಿದಾರೆ?"

"ಅವರು ಮನೆಯಿಂದಲೇ ಕೆಲಸ ಮಾಡ್ತಾರೆ ಮೇಡಂ. ವಯಸ್ಸಾಗಿದೆ."

"ಕಾವ್ಯ?"

"ರಜ."

"ಮತ್ತೆ ಇವರು?" ಎಂದು ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಒರೆಸುವ ಬಟ್ಟೆ ಇತ್ತು.

ವತ್ಸ ಒಂದು ಕ್ಷಣ ತಡೆದ. "ಇವನಾ... ಗಾಡಿ ಕ್ಲೀನಿಂಗ್ ಎಲ್ಲಾ ನೋಡ್ಕೋತಾನೆ."

ಅಪ್ಪ ಕೂಡ ಹೀಗೇ ತಡೆಯುತ್ತಿದ್ದರು. ಅದೇ 'ಇವನಾ'. ಆದರೆ ಅಪ್ಪನ ಕೈಯಲ್ಲಿ ಸೀರೆ ಇರುತ್ತಿತ್ತು, ಕೆಲಸವಿಲ್ಲದ ಮಗನ ಬಗ್ಗೆ ನಾಚಿಕೆ ಇರುತ್ತಿತ್ತು. ಇವನಿಗೆ ಏನಿತ್ತು?

"ಒಂದ್ನಿಮಿಷ, ರಾಯಪ್ಪ ಸಾರ್‌ಗೇ ಫೋನ್ ಮಾಡಿ ವಿಷಯ ಹೇಳಿಬಿಡ್ತೀನಿ" ಎಂದು ನಿಶಾ ಮೇಡಂ ಒತ್ತಿಯೇಬಿಟ್ಟರು. ನನ್ನ ಜೇಬು ನಡುಗಿತು. ವತ್ಸ ಕಣ್ಣಿನಲ್ಲೇ ಹೊರಗೆ ಹೋಗೆಂದು ಸನ್ನೆ ಮಾಡಿದ. ಶೆಡ್ಡಿನ ಹಿಂದೆ ಗೋಡೆಯಿತ್ತು, ಗೋಡೆಯ ಹಿಂದೆ ಜಾಗವಿತ್ತು, ಅಭ್ಯಾಸವೂ ಇತ್ತು. ನಾನು ಹೋಗಲಿಲ್ಲ. ನಿಂತಲ್ಲೇ ಫೋನ್ ತೆಗೆದು, ಅವರ ಮುಖ ನೋಡುತ್ತಾ, "ನಮಸ್ಕಾರ ತಾಯಿ, ರಾಯಪ್ಪ" ಎಂದೆ.

ಅವರ ಕಿವಿಯಲ್ಲೊಂದು ರಾಯಪ್ಪ, ಎದುರಿಗೊಂದು ರಾಯಪ್ಪ. ಕಣ್ಣರಳಿಸಿದರು. ನಾನು ಅಂದುಕೊಂಡೆ, ಆಯಿತು, ಈಗ ಗೊತ್ತಾಯಿತು.

ಅಷ್ಟರಲ್ಲಿ ವತ್ಸ ನಕ್ಕುಬಿಟ್ಟ. ಅವನು ಅಷ್ಟು ಜೋರಾಗಿ ನಕ್ಕದ್ದನ್ನು ನಾನೆಂದೂ ಕೇಳಿರಲಿಲ್ಲ. "ಸಾರ್ ಬೆಳಿಗ್ಗೆ ಬಂದಿದ್ದಾಗ ಫೋನ್ ಇಲ್ಲೇ ಬಿಟ್ಟೋಗಿದಾರೆ ಮೇಡಂ. ಇವನು ಮಿಮಿಕ್ರಿ ಆರ್ಟಿಸ್ಟು. ರಾಯಪ್ಪ ಸಾರ್‌ನ ತುಂಬಾ ಚೆನ್ನಾಗಿ ಮಾಡ್ತಾನೆ."

"ಇಲ್ಲ ಮೇಡಂ, ಆ ರಾಯಪ್ಪನೇ ನಾನು. ಕಾವ್ಯನೂ ನಾನೇ" ಎಂದು ಕಾವ್ಯಳ ದನಿ ತೆಗೆದೆ. ನಿಶಾ ಮೇಡಂ ಚಪ್ಪಾಳೆ ತಟ್ಟಿದರು. ಬಾಷಾ ಭಾಯ್ ಮಾಡಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಿಜವನ್ನು ಎಷ್ಟೆಷ್ಟು ಚೆನ್ನಾಗಿ ತೋರಿಸಿದೆನೋ ಅದು ಅಷ್ಟಷ್ಟು ಒಳ್ಳೆಯ ಸುಳ್ಳಾಗುತ್ತ ಹೋಯಿತು. ಕೊನೆಗೆ ನನ್ನ ಸ್ವಂತ ದನಿಯಲ್ಲಿ, "ದೇವರಾಣೆ ಮೇಡಂ, ಅದು ನಮ್ಮಪ್ಪನ ದನಿ" ಎಂದೆ. ಅವರು ನಗು ಒರೆಸಿಕೊಂಡು, "ಇದು ಯಾರದು?" ಎಂದು ಕೇಳಿದರು.

ಹೊರಡುವಾಗ ಮಾತ್ರ ಸ್ವಲ್ಪ ಗಂಭೀರವಾಗಿ ವತ್ಸನಿಗೆ ಹೇಳಿದರು: "ಟ್ಯಾಲೆಂಟ್ ಇದೆ. ಆದ್ರೆ ಸೀನಿಯರ್ಸ್ ಫೋನ್ ಎತ್ತೋದು, ವಯಸ್ಸಾದವರನ್ನ ಅಣಕಿಸೋದು, ನಮ್ಮಲ್ಲಿ ನಡೆಯಲ್ಲ. ಬೇರೆಯವರನ್ನ ನೋಡ್ಕೊಳ್ಳಿ." ರಾಯಪ್ಪ ಸಾರ್‌ಗೆ ಅವಮಾನ ಮಾಡಿದ್ದಕ್ಕೆ ನನ್ನನ್ನು ರಾಯಪ್ಪ ಸಾರ್‌ನ ಕಂಪನಿಯಿಂದ ತೆಗೆದರು.

ಕಾರು ಹೋದ ಮೇಲೆ ವತ್ಸ ನನ್ನ ಕಡೆ ನೋಡದೆ ಹೇಳಿದ: "ನಾಲ್ಕು ಜನ ಸ್ಟಾಫ್ ಇದಾರೆ ಅಂತ ಹೇಳ್ಬಿಟ್ಟಿದೀನಿ ಕಣೋ. ನಿಜ ಗೊತ್ತಾಗಿದ್ರೆ ಎಲ್ಲಾ ಹೋಗ್ತಿತ್ತು."

"ಆ ನಾಲ್ಕೂ 'ಇವನಾ' ಕಣೋ."

"ಅದೇ ತೊಂದ್ರೆ. ನೋಡು, ನೀನು ಸಿಟ್ಟು ಮಾಡ್ಕೋಬೇಡ. ರಾಯಪ್ಪ ಸಾರ್‌ದು ಒಂದಷ್ಟು ಮಾತು ರೆಕಾರ್ಡ್ ಮಾಡಿಕೊಟ್ಬಿಡು. ಉಳಿದಿದ್ದು ನಾನು ನೋಡ್ಕೋತೀನಿ."

"ಅದು ನಮ್ಮಪ್ಪ."

"ನಿಮ್ಮಪ್ಪ ಸೀರೆ ಮಾರ್ತಿದ್ರು ಲಾರಿ. ಗಾಲಿಮನೆ ಮಾರಿದ್ದು ರಾಯಪ್ಪ. ಅವರು ಕಂಪನಿಯೋರು."

ಇಷ್ಟು ಹೇಳುವಾಗಲೂ ಅವನ ದನಿ ಏರಲಿಲ್ಲ. ಯಾದವಗಿರಿಯ ದನಿ, ಉಪ್ಪು ಕೇಳುವ ದನಿ. ಹೊಡೆಯಬೇಕೆನಿಸಿತು, ಆದರೆ ನನಗೆ ಬರುವುದು ಒಂದೇ ವಿದ್ಯೆ. ಅವನದೇ ಮೆತ್ತಗಿನ ದನಿಯಲ್ಲಿ, "ತಪ್ಪಾಯ್ತು ಕಣೋ ಲಾರಿ, ಕ್ಷಮಿಸು" ಎಂದೆ. ಅವನು ಕೇಳಬೇಕಾಗಿದ್ದ ಕ್ಷಮೆಯನ್ನು ಅವನ ಪರವಾಗಿ ನಾನೇ ಕೇಳಿದೆ. ಬಹಳ ಚೆನ್ನಾಗಿ ಬಂತು. ರೆಕಾರ್ಡ್ ಮಾಡಿಕೊಡಲಿಲ್ಲ. ಫೋನು ಕಂಪನಿಯದು, ಒರೆಸುವ ಬಟ್ಟೆಯಲ್ಲಿ ಸುತ್ತಿ ಸ್ಟೂಲಿನ ಮೇಲಿಟ್ಟು ಬಂದೆ.

ಆ ಸಂಜೆ ಅಮ್ಮ ಹೊಸಿಲ ಮೇಲೆ ಮೊರ ಇಟ್ಟುಕೊಂಡು ಕೂತಿದ್ದಳು. ಫೋನ್ ಬರಲಿಲ್ಲ. "ಯಾಕೋ, ಮ್ಯಾನೇಜರ್ ಇಲ್ವಾ?" ಎಂದಳು. "ರಜ ಹಾಕಿದಾರೆ" ಎಂದೆ. ಯುಗಾದಿ ಬಂತು, ಮೊದಲ ಮಳೆ ಬಂತು, ಕಬಿನಿಯ ನೀರು ಮತ್ತೆ ದಡಕ್ಕೆ ಏರಿತು. ಆ ರಜ ಮುಗಿಯಲಿಲ್ಲ. ಅಮ್ಮನಿಗೋಸ್ಕರ ಸುಮ್ಮನೆ ಮಾತಾಡಬಹುದಿತ್ತು. ಆದರೆ ಆ ಕಡೆ ಗಿರಾಕಿ ಇಲ್ಲದೆ, ಆನೆ ಕಾಣುತ್ತಾ ಎಂದು ಕೇಳುವವರಿಲ್ಲದೆ, ಅಪ್ಪನನ್ನು ಮನೆಯೊಳಗೆ ಕುಣಿಸಲು ಮನಸ್ಸು ಬರಲಿಲ್ಲ. ಅವಳೂ ಕೇಳುವುದನ್ನು ಬಿಟ್ಟಳು. ಬೆಳ್ಳುಳ್ಳಿ ಮತ್ತೆ ಸಾರಿಗೆ ಬೇಕಾದಷ್ಟೇ ಆಯಿತು.

ಇಷ್ಟೆಲ್ಲ ನೆನಪಾದದ್ದು ಮೊನ್ನೆ, ಆ ಸಿಗ್ನಲ್ ದಾಟಿದ ಮೇಲೆ. ಟೆಂಪೋವನ್ನು ರಸ್ತೆ ಬದಿಗೆ ಹಾಕಿದೆ. ಬಾಗಿಲ ಮೇಲಿನ ನಂಬರು ಹೊಸದಾಗಿ ಓದಿಕೊಳ್ಳಬೇಕಾಗಿರಲಿಲ್ಲ, ಅದು ನನ್ನ ಜೇಬಿನಲ್ಲೇ ನಡುಗುತ್ತಿದ್ದ ನಂಬರು. ಒತ್ತಿದೆ.

"ನಮಸ್ಕಾರ, ಗಾಲಿಮನೆ. ರಾಯಪ್ಪ ಮಾತಾಡ್ತಿರೋದು."

ವತ್ಸ. ಮೊದಲ ಮಾತಿಗೇ ಗೊತ್ತಾಯಿತು. ಆದರೆ ಮುಕ್ಕಾಲು ಪಾಲು ಬಂದಿತ್ತು. ಅಪ್ಪನ ನಿಧಾನ ಬಂದಿತ್ತು, ಮಾತಿನ ಕೊನೆಯನ್ನು ಸೀರೆಯ ಸೆರಗಿನ ಹಾಗೆ ಇಳಿಬಿಡುವುದು ಬಂದಿತ್ತು. ಅವನು ಒಂದು ಇಡೀ ಚಳಿಗಾಲ ಪಕ್ಕದಲ್ಲೇ ನಿಂತು ಕೇಳಿದ್ದನಲ್ಲ.

"ಶ್ರೀವತ್ಸ ಇದಾರಾ?" ಎಂದೆ, ನನ್ನ ಗಷ್ಟಿನ ದನಿಯಲ್ಲಿ. "ನಾನು ಲಾರಿ."

ಆ ಕಡೆ ಉಸಿರೊಂದು ಕೇಳಿಸಿತು. ಅದು ವತ್ಸನದೇ. ಆಮೇಲೆ ಉಸಿರು ಹೋಗಿ ರಾಯಪ್ಪ ಸಾರ್ ವಾಪಸ್ಸು ಬಂದರು.

"ಇಲ್ಲ ಸಾರ್. ಅವರು ಊರಲ್ಲಿಲ್ಲ." ಆಮೇಲೆ ಒಂದು ಸಣ್ಣ ಕೆಮ್ಮು.

ಕೆಮ್ಮು ಆಮೇಲೆ ಬಂತು. ಅಷ್ಟೆಲ್ಲ ಕಲಿತವನಿಗೆ ಅದು ಎಲ್ಲಿ ಬರಬೇಕೆಂದು ಗೊತ್ತಾಗಿರಲಿಲ್ಲ. ಅಪ್ಪ ಕೆಮ್ಮುತ್ತಿದ್ದದ್ದು ಎದುರಿನವರಿಗೆ ನೋವಾಗದಿರಲೆಂದು. ಇದು ಸುಳ್ಳು ಗಂಟಲಿಗೆ ಸಿಕ್ಕಿಕೊಂಡವನ ಕೆಮ್ಮು.

"ಮತ್ತೇನಾದ್ರೂ ಬೇಕಿತ್ತಾ ಸಾರ್? ಅವಸರ ಇಲ್ಲ, ನಿಧಾನವಾಗಿ ಹೇಳಿ" ಎಂದಿತು ಫೋನು.

ಅಲ್ಲೇ ಕಟ್ ಮಾಡಬೇಕಿತ್ತು. ಮಾಡಲಿಲ್ಲ. ಕಬಿನಿಗೆ ಒಂದು ದಿನಕ್ಕೆ ಗಾಡಿ ಬೇಕೆಂದೆ. ಬಾಡಿಗೆಗೆ ಏನೇನು ಸೇರುತ್ತದೆಂದು ಕೇಳಿದೆ. ಆನೆ ಕಾಣುತ್ತಾ ಎಂದು ಕೂಡ ಕೇಳಿದೆ. ನಾನು ಯಾರೆಂದು ಅವನಿಗೆ ಗೊತ್ತು, ಅವನು ಯಾರೆಂದು ನನಗೆ ಗೊತ್ತು, ಆದರೂ ಅವನು ಹೇಳುತ್ತ ಹೋದ, ನಾನು ಕೇಳುತ್ತ ಹೋದೆ. ಮಂಜು, ಕಾಫಿ, ಆನೆ ಬಂದರೆ ಅದರ ಪುಣ್ಯ. ಅಪ್ಪನ ದನಿ ಕೇಳಿ ಬಹಳ ದಿನವಾಗಿತ್ತು.

ಮನೆಗೆ ಬಂದಾಗ ಅಮ್ಮ ಹೊಸಿಲ ಮೇಲಿದ್ದಳು. ನನ್ನ ಮುಖದಲ್ಲಿ ಏನು ಕಂಡಳೋ, ಮೊರ ಪಕ್ಕಕ್ಕಿಟ್ಟಳು.

"ಯಾಕೋ ಇಂಗಿದೀಯ?"

"ಏನಿಲ್ಲಮ್ಮ."

ಅಷ್ಟು ದಿನ ಕೇಳದಿದ್ದುದನ್ನು ಕೇಳಿದಳು. "ಲಾರೆನ್ಸು, ಫೋನ್ ಬರದಿದ್ರೂ ಪರವಾಗಿಲ್ಲ. ಮ್ಯಾನೇಜರ್ ಒಂದೇ ಒಂದ್ಸಲ ಮಾತಾಡ್ಲಿ ಕಣೋ. ಊಟ ಆಯ್ತಾ ಅಂತ ನನ್ ಕೇಳ್ಲಿ. ಇಲ್ಲ ಅಂತೀನಿ."

ಒಪ್ಪಿದೆ. ಕಣ್ಣು ಮುಚ್ಚಿ ಅಪ್ಪನನ್ನು ಕರೆದೆ. ಅಂಗಡಿಯನ್ನು ನೆನೆದೆ, ಮೀಸೆಯನ್ನು ನೆನೆದೆ, ಸೀರೆ ಮಡಿಸುವ ಕೈ ನೆನೆದೆ. ಮೊದಲು ಇದಾವುದೂ ಬೇಕಾಗಿರಲಿಲ್ಲ. ಬಾಯಿ ತೆರೆದರೆ ಬರುತ್ತಿದ್ದರು.

"ಊಟ ಆಯ್ತಾ?" ಎಂದೆ. ಅಮ್ಮ ಇಲ್ಲ ಎನ್ನುವ ಮೊದಲೇ, ಮಾತಿನ ಹಿಂದೆಯೇ, ಫೋನಿನಲ್ಲಿ ಕೇಳಿದ್ದ ಹಾಗೇ, ನಾನು ಕರೆಯದ ಒಂದು ಸಣ್ಣ ಕೆಮ್ಮು ಬಂತು.

ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ಮೊರವನ್ನು ಮತ್ತೆ ಮಡಿಲಿಗೆಳೆದುಕೊಂಡು, ಬೆಳ್ಳುಳ್ಳಿಯೊಂದನ್ನು ಕೈಗೆತ್ತಿಕೊಂಡಳು.

"ಇವರ್ಯಾರೋ?" ಎಂದಳು. "ಹೊಸ ಮ್ಯಾನೇಜರ್ರಾ?"